ಕೊಡಗಿನಲ್ಲಿ ಲೋಕಲ್ ಟಿವಿ ಚಾನೆಲ್‌ಗಳು ಶುರುವಾಗಿದ್ದು ಹೇಗೆ?

ಚಿಕ್ಕ ಉತ್ತರ: ಕೇಬಲ್‌ನವರ ಕೋಣೆಯಲ್ಲಿ. 1990ರ ದಶಕದಲ್ಲಿ ಪೇಟೆಗಳಿಗೆ ಕೇಬಲ್ ಬಂತು. ಡಿಶ್‌ನಿಂದ ಹಿಡಿದ ಚಾನೆಲ್‌ಗಳ ನಡುವೆ ಒಂದು ಜಾಗ ಖಾಲಿ ಇರುತ್ತಿತ್ತು. ಅದಕ್ಕೆ ಒಂದು ವಿಸಿಆರ್ (ವಿಡಿಯೋ ಕ್ಯಾಸೆಟ್ ಓಡಿಸುವ ಯಂತ್ರ), ಅದರ ಚಿತ್ರವನ್ನು ಕೇಬಲ್‌ನ ಒಂದು ಚಾನೆಲ್ ಆಗಿಸುವ ಮಾಡ್ಯುಲೇಟರ್ ಸಿಕ್ಕಿಸಿದರೆ ಊರಿನ ಟಿವಿ ರೆಡಿ. ಮೊದಲು ಸುಮ್ನೆ ಸಿನಿಮಾ ಹಾಕುತ್ತಿದ್ದರು. ಆಮೇಲೆ ಮಡಿಕೇರಿ ದಸರಾದ ದಶಮಂಟಪ (ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ), ತಲಕಾವೇರಿಯ ತೀರ್ಥೋದ್ಭವ, ಕೆಳಗೆ ಓಡುವ ಪಟ್ಟಿಯಲ್ಲಿ ಕಾಫಿ, ಕರಿಮೆಣಸಿನ ರೇಟು.

ಸ್ಯಾಟಲೈಟ್ ಚಾನೆಲ್‌ಗೆ ದಿಲ್ಲಿಯಿಂದ ಅನುಮತಿ ಬೇಕು. ಕೇಬಲ್‌ನವರಿಗೆ 1995ರ ಕಾಯ್ದೆಯ ಪ್ರಕಾರ ಹೆಡ್ ಪೋಸ್ಟ್ ಆಫೀಸಿನಲ್ಲಿ ನೋಂದಣಿ ಮಾಡಿಸಿದರೆ ಸಾಕಿತ್ತು. ಹಾಗಾಗಿ ಸಣ್ಣವರಿಗೂ ಕೈಗೆಟುಕಿತು.

ಕಷ್ಟ ಇದ್ದಿದ್ದು ಬೆಟ್ಟ, ಮಳೆಯಲ್ಲಿ. ತಂತಿ ಉದ್ದವಾದಷ್ಟೂ ಸಿಗ್ನಲ್ ಸೋಲುತ್ತದೆ, ದಾರಿಯುದ್ದಕ್ಕೂ ಅದಕ್ಕೆ ಬಲ ತುಂಬುವ ಆಂಪ್ಲಿಫೈಯರ್ ಬೇಕು, ಅದಕ್ಕೆ ಕರೆಂಟ್ ಬೇಕು. ಜುಲೈ ಮಳೆಗೆ ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬಿದ್ದರೆ ಇಡೀ ಬೀದಿಗೆ ಬರೀ ಚುಕ್ಕಿ! ತೋಟದ ಮನೆಗಳೋ ಒಂದಕ್ಕೊಂದು ಜಾಸ್ತಿ ದೂರ. ಅಲ್ಲಿಗೆ ತಂತಿ ಎಳೆದರೆ ಖರ್ಚೂ ಹುಟ್ಟುವುದಿಲ್ಲ. ಅವರು ಡಿಶ್ ಹಾಕಿಸಿಕೊಂಡರು, ಊರಿನ ಚಾನೆಲ್ ಅವರಿಗೆ ಸಿಗಲಿಲ್ಲ.

ಆದರೂ ಇವು ಬದುಕಿದವು. 1997ರಲ್ಲಿ ಕೊಡಗಿನ ಕರಡ ಊರಿನಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೇ ನೋಡಿ. ಬೆಂಗಳೂರಿನ ಚಾನೆಲ್ ಎರಡು ನಿಮಿಷ ತೋರಿಸಬಹುದು. ನಮಗೆ ಪೂರ್ತಿ ಮ್ಯಾಚ್ ಬೇಕು, ಅಲ್ವಾ?

2017ರ ಹೊತ್ತಿಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಗಿ ಖರ್ಚು ಏರಿತು. ಈಗ ಊರಿನ ಸುದ್ದಿ ಜಾಸ್ತಿ ಓಡುವುದು ಯೂಟ್ಯೂಬ್, ಫೇಸ್‌ಬುಕ್‌ನಲ್ಲೇ. ತೋಟದ ಮನೆಗೂ ಸಿಗುತ್ತದೆ, ನೆಟ್‌ವರ್ಕ್ ಇದ್ದರೆ.