ಅಡುಗೆಮನೆ ಪ್ರಶ್ನೋತ್ತರ: ಮಳೆಗಾಲದ ಸಮೋಸಾ, ಜೊತೆಗೆ ಮುರುಗಲ ಚಟ್ನಿ

ಮಳೆ ಹಿಡಿದ ಮೇಲೆ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಪತ್ರಗಳಲ್ಲಿ ಸಮೋಸಾದ್ದೇ ಮಾತು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ. ಅಳತೆಯಲ್ಲಿ ದೊಡ್ಡ ಚಮಚ ಎಂದರೆ 15 ಮಿ.ಲೀ., ಸಣ್ಣ ಚಮಚ ಎಂದರೆ 5 ಮಿ.ಲೀ. ಎರಡೂ ತಲೆ ಸವರಿದ ಅಳತೆ.

ಪ್ರಶ್ನೆ: ಬಾಣಲೆಯಿಂದ ತೆಗೆದಾಗ ಗರಿಗರಿ, ಒಂದು ತಾಸು ಕಳೆಯುವುದರೊಳಗೆ ಮೆತ್ತಗೆ. ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ ಬೇರೆ. ಹಿಟ್ಟಿಗೆ ಸೋಡಾ ಹಾಕಬೇಕೇ? (ಕಾರವಾರ)

ಸೋಡಾ ಬೇಡವೇ ಬೇಡ. ಹಾಕಿದರೆ ಗುಳ್ಳೆ ಹೆಚ್ಚುತ್ತದೆ, ಹಿಟ್ಟು ಎಣ್ಣೆಯನ್ನೂ ಕುಡಿಯುತ್ತದೆ. ನಿಮ್ಮ ಕಣಕದಲ್ಲಿ ನೀರು ಜಾಸ್ತಿ, ಜಿಡ್ಡು ಕಮ್ಮಿ, ಉರಿ ದೊಡ್ಡದು. ಬಹುತೇಕ ಮೂರೂ ಕೂಡಿಯೇ ಬರುತ್ತವೆ.

250 ಗ್ರಾಂ ಮೈದಾಕ್ಕೆ ಮುಕ್ಕಾಲು ಸಣ್ಣ ಚಮಚ ಉಪ್ಪು, ಅರ್ಧ ಸಣ್ಣ ಚಮಚ ಓಮ, 4 ದೊಡ್ಡ ಚಮಚ ತುಪ್ಪ ಅಥವಾ ಎಣ್ಣೆ. ನೀರು ತೋರಿಸುವ ಮೊದಲು ಜಿಡ್ಡನ್ನು ಹಿಟ್ಟಿಗೆ ಎರಡೂ ಅಂಗೈ ನಡುವೆ ಐದು ನಿಮಿಷ ಉಜ್ಜಿ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ಉಂಡೆ ನಿಲ್ಲದಿದ್ದರೆ ಇನ್ನೊಂದು ಸಣ್ಣ ಚಮಚ ಜಿಡ್ಡು ಸೇರಿಸಿ. ಗರಿ ಬರುವುದು ಇಲ್ಲಿಂದಲೇ: ಹಿಟ್ಟಿನ ಕಣಕ್ಕೆ ಜಿಡ್ಡು ಸವರಿಕೊಂಡರೆ ಒಳಗೆ ನೀರು ಸಲೀಸಾಗಿ ಇಳಿಯದು, ಮೈದಾದ ಜಿಗುಟು ಬಲಿಯದು.

ಇನ್ನು ನೀರು. ಬೇಸಿಗೆಯಲ್ಲಿ ಇಷ್ಟು ಮೈದಾಕ್ಕೆ 90ರಿಂದ 100 ಮಿ.ಲೀ. ಹಿಡಿಯುತ್ತದೆ. ಮಳೆಗಾಲದ ಥಂಡಿಯಲ್ಲಿ ಮೈದಾ ಮೊದಲೇ ತೇವ ಎಳೆದುಕೊಂಡಿರುವುದರಿಂದ 80ಕ್ಕೆ ನಿಲ್ಲಿಸಿ, ಸಾಲದಿದ್ದರೆ ಚಮಚ ಚಮಚವಾಗಿ ಹಾಕಿ. ಕಣಕ ಪೂರಿ ಹಿಟ್ಟಿಗಿಂತಲೂ ಗಟ್ಟಿ ಇರಬೇಕು. ನುಣ್ಣಗಾಗುವವರೆಗೆ ನಾದುವುದೂ ಬೇಡ, ಕೂಡಿಕೊಂಡರೆ ಸಾಕು. ಒದ್ದೆ ಬಟ್ಟೆ ಮುಚ್ಚಿ ಅರ್ಧ ತಾಸು ಇಡಿ. ಆಮೇಲೆ ಮತ್ತೆ ನಾದಿದರೆ ಲಟ್ಟಿಸುವಾಗ ಹಾಳೆ ಹಿಂದಕ್ಕೆ ಎಳೆಯುತ್ತದೆ.

45 ಗ್ರಾಂ ತೂಕದ ಉಂಡೆ ಮಾಡಿ, ಒಣಹಿಟ್ಟು ಉದುರಿಸದೆ, 6 ಇಂಚು ಅಗಲಕ್ಕೆ ಲಟ್ಟಿಸಿ. ದಪ್ಪ 2 ಮಿ.ಮೀ. ಇರಲಿ. ನಡುವೆ ಕೊಯ್ದರೆ ಒಂದು ಉಂಡೆಗೆ ಎರಡು ಸಮೋಸಾ, ಒಟ್ಟು 16ರಿಂದ 18. ಕೊಯ್ದ ನೇರ ಅಂಚಿಗೆ ನೀರು ಸವರಿ, ಅರ್ಧ ಇಂಚು ಒಂದರ ಮೇಲೊಂದು ಬರುವಂತೆ ಸುತ್ತಿ ಲಕೋಟೆ ಮಾಡಿ. ತಳದ ಚೂಪು ತುದಿಯನ್ನು ಒಳಗಿನಿಂದ ಬೆರಳಲ್ಲಿ ಒತ್ತುವುದನ್ನು ಮರೆಯಬೇಡಿ, ಎಣ್ಣೆ ಮೊದಲು ನುಗ್ಗುವುದು ಅಲ್ಲೇ.

ಕರಿಯುವ ಎಣ್ಣೆ 140ರಿಂದ 150 ಡಿಗ್ರಿ ಸೆಲ್ಸಿಯಸ್ ಸಾಕು. ಥರ್ಮಾಮೀಟರ್ ಇಲ್ಲದವರು ಚಿಟಿಕೆ ಕಣಕ ಹಾಕಿ ನೋಡಿ: ತಳದಲ್ಲಿ ಸ್ವಲ್ಪ ಹೊತ್ತು ಕುಳಿತು, ಸಣ್ಣ ಗುಳ್ಳೆ ಬಿಡುತ್ತ ನಿಧಾನಕ್ಕೆ ಮೇಲೆ ಬಂದರೆ ಹದ. ಹಾಕಿದ ತಕ್ಷಣ ಚಿಮ್ಮಿ ಬಂದರೆ ಕಾವು ಜಾಸ್ತಿ. ಅಂಥ ಎಣ್ಣೆಯಲ್ಲಿ ಹಾಳೆಯ ಮೇಲ್ಮೈ ನೀರು ಒಮ್ಮೆಲೇ ಆವಿಯಾಗಿ ಗುಳ್ಳೆ ಏಳುತ್ತದೆ, ಹೊರಗೆ ಕೆಂಪಾದರೂ ಒಳಪದರ ಹಸಿಯೇ ಉಳಿಯುತ್ತದೆ. ತಾಸಿನಲ್ಲಿ ಮೆತ್ತಗಾಗುವುದಕ್ಕೆ ಆ ಹಸಿ ಪದರವೇ ಕಾರಣ. ಒಂದು ಸುತ್ತು ಸಮೋಸಾಕ್ಕೆ 12ರಿಂದ 15 ನಿಮಿಷ ಬೇಕು, ಅವಸರ ನಡೆಯುವುದಿಲ್ಲ. ಗುಳ್ಳೆಯ ಸದ್ದು ಅಡಗುತ್ತ ಬಂದಾಗ ಹಾಳೆಯ ತೇವ ಹೋಯಿತೆಂದು ತಿಳಿಯಿರಿ. ಕೊನೆಯ ಒಂದು ನಿಮಿಷ ಉರಿ ಏರಿಸಿ ತೆಗೆದರೆ ಎಣ್ಣೆ ಬಸಿದು ಹೋಗುತ್ತದೆ.

ತೆಗೆದಿಟ್ಟದ್ದನ್ನು ಬಿಸಿ ಇರುವಾಗಲೇ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಬೇಡಿ, ಅದರ ಆವಿಯಲ್ಲೇ ಅದು ಬೆಂದು ಕೂರುತ್ತದೆ. ಜಾಲರಿಯ ಮೇಲೋ ಗೆರಸಿಯಲ್ಲೋ ಒಂದಕ್ಕೊಂದು ತಾಗದಂತೆ ಹರವಿ. ಇಷ್ಟೆಲ್ಲ ಮಾಡಿದರೂ ಜುಲೈ ತಿಂಗಳ ಕಾರವಾರದ ಗಾಳಿಯಲ್ಲಿ ಮೂರು ನಾಲ್ಕು ತಾಸಿಗಿಂತ ಹೆಚ್ಚು ಗರಿ ನಿರೀಕ್ಷಿಸಬೇಡಿ. ಮೆತ್ತಗಾದದ್ದನ್ನು ಒಲೆಯ ಸಣ್ಣ ಉರಿಯಲ್ಲಿ ದಪ್ಪ ಕಾವಲಿಯ ಮೇಲೆ, ಮುಚ್ಚಳ ಹಾಕದೆ, ಮೂರೂ ಮಗ್ಗುಲು ತಿರುವಿ ಬಿಸಿ ಮಾಡಿ. ಮೈಕ್ರೋವೇವ್ ಮಾತ್ರ ಬೇಡ.

ಪ್ರಶ್ನೆ: ಗಜ್ಜರಿ, ಬೀನ್ಸ್, ಕೋಸು ಹಾಕಿ ಪಲ್ಯ ಮಾಡಿದೆ. ಎಣ್ಣೆಯಲ್ಲಿ ಸಮೋಸಾ ಬಾಯಿ ಬಿಟ್ಟು ಪಲ್ಯವೆಲ್ಲ ಹೊರಗೆ. (ಕುಮಟಾ)

ಕೋಸು ನೀರು ಬಿಟ್ಟಿದೆ. ಹೆಚ್ಚಿದ ತರಕಾರಿಗೆ ಮೊದಲೇ ಉಪ್ಪು ಬಿದ್ದರೆ ನೀರು ಹೊರಬರುತ್ತದೆ, ಮುಚ್ಚಿ ಬೇಯಿಸಿದರೆ ಆ ನೀರು ಅಲ್ಲೇ ನಿಲ್ಲುತ್ತದೆ. ಮುಚ್ಚದೆ, ದೊಡ್ಡ ಉರಿಯಲ್ಲಿ, ಅಗಲ ಪಾತ್ರೆಯಲ್ಲಿ ಬಾಡಿಸಿ, ಇಳಿಸುವಾಗ ಉಪ್ಪು ಹಾಕಿ.

ತರಕಾರಿ ಎಷ್ಟೇ ಇರಲಿ, ಅವನ್ನು ಹಿಡಿದಿಡಲು ಬಟಾಟೆ ಅರ್ಧಕ್ಕಿಂತ ಹೆಚ್ಚಿರಬೇಕು. ಮೇಲಿನ ಅಳತೆಯ ಕಣಕಕ್ಕೆ 350 ಗ್ರಾಂ ಬಟಾಟೆ, 100 ಗ್ರಾಂ ಬಟಾಣಿ, ಉಳಿದ ತರಕಾರಿ ಎಲ್ಲ ಸೇರಿ 150 ಗ್ರಾಂ. ಬಟಾಟೆಯನ್ನು ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ, ಪೂರ್ತಿ ಆರಿದ ಮೇಲೆ ಕೈಯಲ್ಲಿ ಒಡೆಯಿರಿ. ಹೆಚ್ಚಿ ಬೇಯಿಸಿದರೆ ನೀರು ಕುಡಿಯುತ್ತದೆ, ಬಿಸಿಯಲ್ಲೇ ಹಿಸುಕಿದರೆ ಅಂಟಂಟಾಗುತ್ತದೆ. ಒಗ್ಗರಣೆಗೆ 2 ದೊಡ್ಡ ಚಮಚ ಎಣ್ಣೆ, ಜೀರಿಗೆ ಮತ್ತು ಬಡೇಸೋಪು ತಲಾ 1 ಸಣ್ಣ ಚಮಚ, ತರಿತರಿ ಕುಟ್ಟಿದ ಕೊತ್ತಂಬರಿ ಬೀಜ 1 ದೊಡ್ಡ ಚಮಚ, ಚಿಟಿಕೆ ಇಂಗು, ಒಂದು ಇಂಚು ಶುಂಠಿ, 4 ಹಸಿಮೆಣಸು. ಹುಳಿಗೆ ಆಮ್‌ಚೂರ್ ಪುಡಿ 1 ಸಣ್ಣ ಚಮಚ. ಲಿಂಬೆರಸ ಹಿಂಡಬೇಡಿ, ಅದೂ ನೀರೇ.

ಪಲ್ಯ ತಣ್ಣಗಾಗದೆ ತುಂಬಬೇಡಿ. ಒಂದಕ್ಕೆ 30 ಗ್ರಾಂನಷ್ಟು ತುಂಬಿ, ಬಾಯಿ ಮುಚ್ಚುವ ಮುನ್ನ ಒಳಗಿನ ಗಾಳಿಯನ್ನು ಒತ್ತಿ ತೆಗೆಯಿರಿ. ಒಳಗೆ ಉಳಿದ ಗಾಳಿ ಕಾದು ಹಿಗ್ಗಿದರೆ ಅಂಚು ಬಿಡುತ್ತದೆ.

ಪ್ರಶ್ನೆ: ಮನೆಯಲ್ಲಿ ಹುಣಸೆಹಣ್ಣು ಒಗ್ಗದವರಿದ್ದಾರೆ. ಮುರುಗಲು (ಕೋಕಂ), ಜೋನಿ ಬೆಲ್ಲ ಎರಡೂ ಇವೆ. ಅದ್ದಿ ತಿನ್ನಲು ಸಿಹಿ ಚಟ್ನಿ ಆದೀತೇ? ಒಮ್ಮೆ ಮಾಡಿದ್ದು ನೀರು ನೀರಾಯಿತು. (ಶಿರಸಿ)

ಧಾರಾಳವಾಗಿ ಆಗುತ್ತದೆ. ಎಣ್ಣೆಯಲ್ಲಿ ಕರಿದದ್ದರ ಜೊತೆ ಮುರುಗಲ ಹುಳಿ ಹುಣಸೆಗಿಂತ ಚೊಕ್ಕ ಎಂಬುದು ನಮ್ಮ ಅಭಿಪ್ರಾಯ. ನೀರಾದದ್ದಕ್ಕೆ ಕಾರಣ ಇಷ್ಟೇ: ಹುಣಸೆಯಲ್ಲಿ ತಿರುಳಿದೆ, ಕುದಿಸಿದರೆ ತಾನೇ ಗಟ್ಟಿಯಾಗುತ್ತದೆ. ಒಣಗಿದ ಮುರುಗಲ ಸಿಪ್ಪೆ ಬಿಡುವುದು ಬಣ್ಣ ಮತ್ತು ಹುಳಿಯನ್ನು ಮಾತ್ರ. ಜೋನಿ ಬೆಲ್ಲವೂ ಹರಿಯುವಂಥದ್ದೇ. ಗಟ್ಟಿ ಮಾಡಲು ಬೇರೆ ಏನಾದರೂ ಬೇಕು, ಅದಕ್ಕೆ ಖರ್ಜೂರ ಚೆನ್ನ.

40 ಗ್ರಾಂ ಒಣ ಸಿಪ್ಪೆಯನ್ನು ತೊಳೆದು 250 ಮಿ.ಲೀ. ಬಿಸಿನೀರಿನಲ್ಲಿ ಒಂದು ತಾಸು ನೆನೆಸಿ, ಕಿವುಚಿ ಸೋಸಿ. ಬೀಜ ತೆಗೆದ 8 ಮೆತ್ತನೆ ಖರ್ಜೂರವನ್ನು ಅದೇ ರಸದಲ್ಲಿ ನುಣ್ಣಗೆ ರುಬ್ಬಿ. ಸ್ಟೀಲ್ ಪಾತ್ರೆಯಲ್ಲಿ ಇದಕ್ಕೆ 150 ಗ್ರಾಂ ಜೋನಿ ಬೆಲ್ಲ ಸೇರಿಸಿ ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಕುದಿಸಿ. ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆ ಬೇಡ, ಹುಳಿ ಲೋಹವನ್ನು ಕರಗಿಸುತ್ತದೆ. ಹುರಿದ ಜೀರಿಗೆ ಪುಡಿ 1 ಸಣ್ಣ ಚಮಚ, ಒಣಶುಂಠಿ ಪುಡಿ ಅರ್ಧ ಸಣ್ಣ ಚಮಚ, ಜಜ್ಜಿದ ಸೂಜಿಮೆಣಸು ಎರಡು, ಉಪ್ಪು ಕಾಲು ಸಣ್ಣ ಚಮಚ. ಸಿಪ್ಪೆಯನ್ನು ಉಪ್ಪು ಹಾಕಿ ಒಣಗಿಸಿದ್ದಾದರೆ ರುಚಿ ನೋಡದೆ ಉಪ್ಪು ಮುಟ್ಟಬೇಡಿ.

ಇಳಿಸುವ ಹೊತ್ತಿಗೆ ಚಮಚದ ಬೆನ್ನಿಗೆ ತೆಳ್ಳಗೆ ಅಂಟಿದರೆ ಸಾಕು, ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ. ಒಲೆಯ ಮೇಲೇ ಜೇನಿನ ಹದ ನೋಡಲು ಹೋದರೆ ಮಾರನೇ ದಿನ ಸಮೋಸಾ ಅದ್ದಲು ಬಾರದು. ಖರ್ಜೂರ ಇಲ್ಲದಿದ್ದರೆ ಒಂದು ಸಣ್ಣ ಚಮಚ ಅಕ್ಕಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಕೊನೆಯ ಎರಡು ನಿಮಿಷ ಕುದಿಸಬಹುದು, ಆದರೆ ಅದನ್ನು ಎರಡು ದಿನದೊಳಗೆ ಮುಗಿಸಿ. ಖರ್ಜೂರದ್ದು ಫ್ರಿಜ್ಜಿನಲ್ಲಿ ಎರಡು ವಾರ ಇರುತ್ತದೆ, ಒದ್ದೆ ಚಮಚ ಹಾಕದಿದ್ದರೆ. ಹಾಗೆಯೇ ಜೋನಿ ಬೆಲ್ಲದ ಡಬ್ಬಿ ತೆರೆದಾಗ ನೊರೆ ಕಂಡು ಹುಳಿವಾಸನೆ ಬಂದರೆ ಅದು ಹುದುಗಿದೆ, ಚಟ್ನಿಗೆ ಬಳಸಬೇಡಿ.

ಪ್ರಶ್ನೆ: ಹಸಿರು ಚಟ್ನಿ ರುಬ್ಬಿದ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ, ಕಹಿಯೂ ಇರುತ್ತದೆ. (ಯಲ್ಲಾಪುರ)

ಕಪ್ಪಾಗುವುದು ಮಿಕ್ಸರಿನ ಬಿಸಿ ಮತ್ತು ಗಾಳಿಯಿಂದ. ತಣ್ಣಗಿನ ನೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ರುಬ್ಬಿ. ಲಿಂಬೆರಸ ಕೊನೆಗೆ, ಕೈಯಲ್ಲಿ ಬೆರೆಸಿ. ಲಿಂಬೆಬೀಜ ಮಿಕ್ಸರಿಗೆ ಹೋದರೆ ಕಹಿ ಖಂಡಿತ. ಪುದೀನ ಕಡ್ಡಿಯೂ ಕಹಿ, ಎಲೆ ಮಾತ್ರ ಬಿಡಿಸಿ ಹಾಕಿ. ಕೊತ್ತಂಬರಿಯ ಎಳೆ ಕಡ್ಡಿ ಎಸೆಯಬೇಡಿ, ಪರಿಮಳ ಅಲ್ಲೇ ಇರುವುದು. ಎರಡು ಹಿಡಿ ಕೊತ್ತಂಬರಿಗೆ ಒಂದು ಹಿಡಿ ಪುದೀನ ದಾಟಬಾರದು. ಒಂದು ದೊಡ್ಡ ಚಮಚ ಹುರಿಗಡಲೆ ಹಾಕಿದರೆ ನೀರೊಡೆಯದೆ ಸಮೋಸಾಕ್ಕೆ ಅಂಟಿಕೊಳ್ಳುತ್ತದೆ.

ಪ್ರಶ್ನೆ: ತೆಂಗಿನೆಣ್ಣೆಯಲ್ಲಿ ಕರಿದ ಸಮೋಸಾ ಡಿಸೆಂಬರಿನಲ್ಲಿ ಬೆಳ್ಳಗೆ ಮೇಣ ಹಚ್ಚಿದಂತೆ ಕಾಣುತ್ತದೆ. ಎಣ್ಣೆ ಕೆಟ್ಟಿದೆಯೇ? (ಶಿರಸಿ)

ಇಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಘಟ್ಟದ ಮೇಲಿನ ಚಳಿಗೆ ಅದು ಸಮೋಸಾದ ಮೈಮೇಲೇ ಗಟ್ಟಿಯಾಗಿದೆ. ಬಿಸಿ ಇದ್ದಾಗಲೇ ತಿಂದರೆ ತೊಂದರೆಯಿಲ್ಲ, ಇಟ್ಟು ತಿನ್ನುವುದಾದರೆ ಚಳಿಗಾಲಕ್ಕೆ ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆ ಬಳಸಿ. ಎರಡನ್ನೂ ಬೆರೆಸಲು ಮಾತ್ರ ಹೋಗಬೇಡಿ. ತೆಂಗಿನೆಣ್ಣೆಗೆ ಬೇರೆ ಎಣ್ಣೆ ಬೆರೆಸಿ ಕರಿದರೆ ನೊರೆ ಉಕ್ಕಿ ಒಲೆಯ ಮೇಲೆ ಬರುತ್ತದೆ.

ಪ್ರಶ್ನೆ: ಬಟಾಟೆ ಬದಲು ದೀವಿಹಲಸು ಹಾಕಬಹುದೇ? (ಹೊನ್ನಾವರ)

ಹಾಕಬಹುದು. ಸಮೋಸಾಕ್ಕೆ ಬಟಾಟೆ ಬಂದದ್ದೇ ತೀರಾ ಈಚೆಗೆ. 14ನೇ ಶತಮಾನದಲ್ಲಿ ನಿಮ್ಮ ಹೊನ್ನಾವರಕ್ಕೂ ಬಂದು ಹೋದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ದಿಲ್ಲಿಯ ಸುಲ್ತಾನರ ಊಟದ ಸಂಬೂಸಕ್‌ನಲ್ಲಿ ಕೊಚ್ಚಿದ ಮಾಂಸ, ಬಾದಾಮಿ, ಪಿಸ್ತಾ, ಈರುಳ್ಳಿ ಇತ್ತೆಂದು ಬರೆದಿದ್ದಾನೆ.

ಬಲಿತ, ಆದರೆ ಹಣ್ಣಾಗದ ಕಾಯಿ ಆರಿಸಿ. ಹಣ್ಣಾಗತೊಡಗಿದ್ದು ಸಿಹಿ, ಲೋಳೆ. ಮೇಣ ಇರುವುದರಿಂದ ಕೈಗೂ ಕತ್ತಿಗೂ ಎಣ್ಣೆ ಸವರಿ, ಸಿಪ್ಪೆ ಮತ್ತು ನಡುವಿನ ದಿಂಡು ತೆಗೆದು, ಅರ್ಧ ಇಂಚಿನ ಹೋಳು ಮಾಡಿ. ನೀರಲ್ಲಿ ಮುಳುಗಿಸಬೇಡಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಸುಮಾರು 10 ನಿಮಿಷ ಇಟ್ಟರೆ ಬೇಯುತ್ತದೆ. ಬಟಾಟೆಗಿಂತ ಒಣ ಮೈ ಇದರದ್ದು, ಒಗ್ಗರಣೆಗೆ ಎಣ್ಣೆ ಒಂದು ಚಮಚ ಹೆಚ್ಚು ಹಾಕಿ, ಹಸಿಮೆಣಸೂ ಒಂದು ಹೆಚ್ಚಿರಲಿ. ಶ್ರಾವಣದಲ್ಲಿ ನೀರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೂ ಈ ಪಲ್ಯ ನಡೆಯುತ್ತದೆ.

ಪ್ರಶ್ನೆ: ಚಾ ಅಂಗಡಿಯ ತೆಳು ಹಾಳೆಯ ಈರುಳ್ಳಿ ಸಮೋಸಾ ಮನೆಯಲ್ಲಿ ಮಾಡಿದರೆ ಒಳಗೆ ಒದ್ದೆ. ಹಾಕಿದ್ದು ಕುಮಟೆಯ ಈರುಳ್ಳಿ. (ಅಂಕೋಲಾ)

ಬೇಸಿಗೆಯಲ್ಲಿ ಅಳ್ವೇಕೋಡಿ, ಹಂದಿಗೋಣದ ಹೆದ್ದಾರಿ ಬದಿಗೆ ಹೆಣೆದು ತೂಗುಹಾಕುವ ಆ ಸಿಹಿ ಈರುಳ್ಳಿ ಹಸಿಯಾಗಿ ತಿನ್ನಲು ಚೆಂದ, ಇದಕ್ಕೆ ರಸ ಜಾಸ್ತಿ. ಅದೇ ಬೇಕೆಂದರೆ 250 ಗ್ರಾಂ ಈರುಳ್ಳಿಗೆ 50 ಗ್ರಾಂ ತೆಳು ಅವಲಕ್ಕಿಯನ್ನು ತೊಳೆಯದೆ ಒಣದಾಗಿಯೇ ಬೆರೆಸಿ 10 ನಿಮಿಷ ಬಿಡಿ. ಈರುಳ್ಳಿ ಬಿಟ್ಟ ನೀರನ್ನು ಅವಲಕ್ಕಿ ಎಳೆದುಕೊಳ್ಳುತ್ತದೆ. ಹುರಿಯುವುದು ಬೇಡ.

ಹಾಳೆಗೆ: ಮೆತ್ತಗಿನ ಚಪಾತಿ ಹದದ ಮೈದಾ ಕಣಕದಿಂದ ಪೂರಿಯಷ್ಟಗಲ ಎರಡು ಲಟ್ಟಿಸಿ, ನಡುವೆ ಎಣ್ಣೆ ಸವರಿ ಒಣಹಿಟ್ಟು ಉದುರಿಸಿ, ಒಂದರ ಮೇಲೊಂದಿಟ್ಟು ಎಷ್ಟು ತೆಳ್ಳಗಾಗುತ್ತದೋ ಅಷ್ಟು ಲಟ್ಟಿಸಿ. ಬಿಸಿ ಕಾವಲಿಯ ಮೇಲೆ ಒಂದೊಂದು ಮಗ್ಗುಲು 15 ಸೆಕೆಂಡು, ಕಲೆ ಬೀಳುವ ಮುನ್ನ ತೆಗೆದು ಬೇರ್ಪಡಿಸಿ. ಎರಡೂವರೆ ಇಂಚು ಅಗಲದ ಪಟ್ಟಿ ಕೊಯ್ದು, ಮೈದಾ ಅಂಟಿನಿಂದ ಮುಚ್ಚಿ. ಇದನ್ನು ಮಾತ್ರ 170 ಡಿಗ್ರಿಯ ಎಣ್ಣೆಯಲ್ಲಿ ಮೂರು ನಾಲ್ಕು ನಿಮಿಷದಲ್ಲಿ ಕರಿದು ತೆಗೆಯಬೇಕು, ಹಾಳೆ ಮೊದಲೇ ಅರೆಬೆಂದಿದೆ.

ಪ್ರಶ್ನೆ: ಮೈದಾ ಬದಲು ಗೋಧಿಹಿಟ್ಟು? (ದಾಂಡೇಲಿ)

ಅರ್ಧಕ್ಕರ್ಧ ಸಾಕು. ಪೂರ್ತಿ ಗೋಧಿಯಾದರೆ ನೀರು ಹೆಚ್ಚು ಬೇಡುತ್ತದೆ, ಆರಿದ ಮೇಲೆ ಗಡಸಾಗುತ್ತದೆ.

ಪ್ರಶ್ನೆ: ನೆಂಟರು ಬರುವ ಮೊದಲೇ ಮಾಡಿ ಫ್ರೀಜರಿನಲ್ಲಿ ಇಡಬಹುದೇ? (ಸಿದ್ದಾಪುರ)

ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ, ಬಣ್ಣ ಬರುವ ಮುನ್ನ, ಅರೆಕರಿದು ತೆಗೆಯಿರಿ. ಪೂರ್ತಿ ಆರಿದ ಮೇಲೆ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿ, ಆಮೇಲೆ ಚೀಲಕ್ಕೆ ತುಂಬಿ. ತಿಂಗಳೊಳಗೆ ಬಳಸಿ. ಕರಿಯುವಾಗ ಕರಗಲು ಬಿಡದೆ ನೇರವಾಗಿ ಹದ ಕಾದ ಎಣ್ಣೆಗೆ, ಒಂದು ಸುತ್ತಿಗೆ ನಾಲ್ಕಕ್ಕಿಂತ ಹೆಚ್ಚು ಹಾಕದೆ ಬಿಡಿ. ಹೆಚ್ಚಾದರೆ ಎಣ್ಣೆ ತಣಿದು ಹಾಳೆ ಜಿಡ್ಡು ಹೀರುತ್ತದೆ.

ಆದರೆ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಫ್ರೀಜರನ್ನು ನಂಬುವುದು ಕಷ್ಟ. ಕರೆಂಟು ಹೋಗಿ ನಾಲ್ಕು ತಾಸು ಕಳೆಯಿತೆಂದರೆ ತೆರೆದು ನೋಡಿ. ಸಮೋಸಾ ಮೆತ್ತಗಾಗತೊಡಗಿ ಇನ್ನೂ ತಣ್ಣಗಿದ್ದರೆ ಅವತ್ತೇ ಎಲ್ಲವನ್ನೂ ಕರಿದುಬಿಡಿ, ಕರೆಂಟು ಬಂದ ಮೇಲೆ ಮತ್ತೆ ಹೆಪ್ಪುಗಟ್ಟಿಸಬೇಡಿ. ಮುಟ್ಟಿದರೆ ತಣುವೇ ಇಲ್ಲವೆನ್ನುವಂತಿದ್ದರೆ ಎಸೆಯಿರಿ, ಬೆಂದ ಬಟಾಟೆ ಬೇಗ ಹಳಸುತ್ತದೆ.