ಬೇಯಿಸದೆ, ಹಾಲು-ಕೆನೆ ಹಾಕದೆ ತರಕಾರಿ ಸೂಪ್ ಕ್ರೀಮಿ ಆಗೋದು ಹೇಗೆ?

ಹಸಿ ಗೋಡಂಬಿ ಇಲ್ಲಾಂದ್ರೆ ಅವಕಾಡೊದಲ್ಲಿರೋ ಕೊಬ್ಬಿನಿಂದ. ಹಾಲಿನ ಕೆನೆ ಅಂದ್ರೂ ನೀರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಹನಿಗಳು ತೇಲ್ತಾ ಇರೋದೇ, ಗೋಡಂಬಿನ ನುಣ್ಣಗೆ ರುಬ್ಬಿದಾಗಲೂ ಅದೇ ಆಗುತ್ತೆ, ಅದರಲ್ಲಿರೋ ಪ್ರೋಟೀನ್ ಆ ಹನಿಗಳು ಒಂದಕ್ಕೊಂದು ಅಂಟಿ ಬೇರೆಯಾಗದ ಹಾಗೆ ತಡೆಯುತ್ತೆ.

ಜನ ಎಡವೋದು ನೀರಿನ ವಿಷಯದಲ್ಲಿ. ಗೋಡಂಬಿನ 4 ಗಂಟೆ ನೆನೆಸಿ, ಮೊದಲು ಅದು ಮುಳುಗೋ ಅಷ್ಟೇ ನೀರಲ್ಲಿ ಗಟ್ಟಿಯಾಗಿ ರುಬ್ಬಿ, ಬೆರಳಲ್ಲಿ ಉಜ್ಜಿದ್ರೆ ತರಿ ಸಿಗಬಾರದು, ಆಮೇಲೆ ಕ್ಯಾರೆಟ್ಟೋ ಟೊಮೆಟೊನೋ ಹಾಕಿ ನೀರು ಸೇರಿಸ್ತಾ ಹೋಗಿ. ಮೊದಲೇ ಎಲ್ಲಾ ನೀರು ಸುರಿದ್ರೆ ಚೂರುಗಳು ಬ್ಲೇಡಿಗೆ ಸಿಗದೆ ಸುತ್ತಾ ತಿರುಗ್ತಾವೆ, ಸೂಪ್ ತರಿತರಿ ಆಗುತ್ತೆ. ಜಾಸ್ತಿ ಹೊತ್ತು ಓಡಿಸಿದ್ರೆ ಬ್ಲೆಂಡರಿನ ತಿಕ್ಕಾಟಕ್ಕೇ ಬಿಸಿಯಾಗುತ್ತೆ, ಹಸಿಯಾಗೇ ಇರಬೇಕು ಅನ್ನೋರು ಮಧ್ಯೆ ಮಧ್ಯೆ ನಿಲ್ಲಿಸಿ.

ಅದೇ ಗಟ್ಟಿ ಪೇಸ್ಟಿಗೆ ನಿಂಬೆರಸ, ಬೆಳ್ಳುಳ್ಳಿ ಹಾಕಿದ್ರೆ ಸೈಡ್ ಡಿಶ್‌ಗೆ ಸಾಸ್ ರೆಡಿ. ಸೌತೆಕಾಯಿಗೆ ಕಲಸೋದಾದ್ರೆ ಮಾತ್ರ ಮೊದಲು ಉಪ್ಪು ಹಚ್ಚಿ 15 ನಿಮಿಷ ಬಿಟ್ಟು ಹಿಂಡಿ, ಉಪ್ಪು ನೀರನ್ನ ಹೊರಗೆ ಎಳೆಯುತ್ತಲ್ಲ, ಹಿಂಡದಿದ್ರೆ ಆ ನೀರೆಲ್ಲಾ ಬಿಟ್ಟು ಸಾಸ್ ನೀರುನೀರಾಗಿಬಿಡುತ್ತೆ.