ಒತ್ತು ಬೀಳುವ ಜಾಗ

ನೋಡು ತಂಗಿ, ಲೀಡ್ಸ್‌ಗೆ ನರ್ಸ್ ಆಗಿ ಬರುವ ಮುನ್ನ ಚಿಕ್ಕಬಳ್ಳಾಪುರದಲ್ಲಿ ಇಂಗ್ಲಿಷ್ ಉಚ್ಚಾರಣೆಯ ತರಗತಿಗೆ ದುಡ್ಡು ಕಟ್ಟಬೇಕೇ ಎಂದು ಕೇಳಿದ್ದೀಯ. ಬೇಡ. ಆ ದುಡ್ಡಿಗೆ ಒಳ್ಳೆಯ ಮಳೆಕೋಟು ತೆಗೆದುಕೋ. ಇಲ್ಲಿನ ವಾರ್ಡುಗಳಲ್ಲಿ ಕೇರಳದವರು, ಫಿಲಿಪೀನ್ಸಿನವರು, ನೈಜೀರಿಯಾದವರು ತಮ್ಮ ತಮ್ಮ ರಾಗದಲ್ಲೇ ಮಾತನಾಡುತ್ತಾರೆ. ನಿನ್ನ ‘ರ’ಕಾರ, ‘ಟ’ಕಾರದಿಂದ ಯಾರಿಗೂ ತೊಂದರೆಯಿಲ್ಲ. ಎದುರಿನವರು ಕಣ್ಣು ಕಣ್ಣು ಬಿಡುವುದು ಉದ್ದನೆಯ ಪದದಲ್ಲಿ ಒತ್ತು, ಅಂದರೆ ಒಂದು ಅಕ್ಷರವನ್ನು ಉಳಿದವಕ್ಕಿಂತ ಜೋರಾಗಿ ಹೇಳುವುದು, ಜಾಗ ತಪ್ಪಿದಾಗ.

ಹೈಸ್ಕೂಲಿನಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದ್ದೀಯಲ್ಲ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಯಾವ ಅಕ್ಷರವೂ ತನ್ನ ಪಾಲು ಬಿಟ್ಟುಕೊಡುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಎದ್ದು ನಿಂತರೆ ಅಕ್ಕಪಕ್ಕದವು ಸೊರಗುತ್ತವೆ. ನಾವು ಬಿಡಿಸಿ ಹೇಳುವ ‘ಕಂಫರ್ಟೇಬಲ್’ ಇಲ್ಲಿ ‘ಕಂಫ್ಟಬಲ್’.

ಒತ್ತು ಎಲ್ಲಿ ಎಂಬುದಕ್ಕೆ ಪದದ ಬಾಲ ನೋಡು. ‘ಎಂಡೋಸ್ಕೋಪ್’ ಎಂಬ ಉಪಕರಣದಲ್ಲಿ ಅದು ಮೊದಲ ‘ಎನ್’ ಮೇಲಿದೆ. ಪರೀಕ್ಷೆ ‘ಎಂಡೋಸ್ಕೋಪಿ’ ಆದೊಡನೆ ಜಾರಿ ‘ಡಾಸ್’ ಮೇಲೆ ಕೂರುತ್ತದೆ: ಎನ್-ಡಾಸ್-ಕ-ಪಿ. ಕಾರ್-ಡಿ-ಆ-ಲ-ಜಿಯಲ್ಲೂ ಹಾಗೆಯೇ, ಕೊನೆಯಿಂದ ಮೂರನೆಯದು. ‘ಷನ್’ ಬಂದರೆ ಅದರ ಹಿಂದಿನ ಅಕ್ಷರ: ಮೆಡಿಕೇಷನ್‌ನಲ್ಲಿ ‘ಕೇ’. ‘ಐಟಿಸ್’ ಆದರೆ ‘ಐ’. ಬೆಂಗಳೂರಿನ ಬಸ್ಸಿನಲ್ಲಿ ದೇವನಹಳ್ಳಿ ಬರುವಷ್ಟರಲ್ಲಿ ಮೊಬೈಲ್ ನಿಘಂಟಿನಲ್ಲಿ ಹತ್ತು ಪದ ನೋಡಬಹುದು. ಒತ್ತು ಬೀಳುವ ಅಕ್ಷರದ ಮುಂದೆ, ಮೇಲ್ಗಡೆ, ಸಣ್ಣ ಗೀಟು ಇರುತ್ತದೆ.

ರಜೆಗೆ ಊರಿಗೆ ಹೋದಾಗ ಮಾತ್ರ ಇದನ್ನು ಪೆಟ್ಟಿಗೆಯಲ್ಲೇ ಬಿಡು. ಬಾಗೇಪಲ್ಲಿ ಬಸ್ ನಿಲ್ದಾಣದಲ್ಲಿ ‘ಟೆಲ್’ ಮೇಲೆ ಒತ್ತು ಹಾಕಿ ‘ಹೊಟೆಲ್’ ಎಲ್ಲಿದೆ ಎಂದರೆ, ದಾರಿ ತೋರಿಸುವ ಮೊದಲು ನಿನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಹೈಪೋ’, ‘ಹೈಪರ್’ ವಿಷಯದಲ್ಲಿ. ಒಂದು ಕಡಿಮೆ, ಇನ್ನೊಂದು ಹೆಚ್ಚು. ರಕ್ತದಲ್ಲಿ ಸಕ್ಕರೆ ಇಳಿದರೆ ಹೈಪೋಗ್ಲೈಸೀಮಿಯಾ, ಏರಿದರೆ ಹೈಪರ್‌ಗ್ಲೈಸೀಮಿಯಾ; ಎರಡರಲ್ಲೂ ಒತ್ತು ‘ಸೀ’ ಮೇಲೆ. ಜೊತೆಗೆ ಇಲ್ಲಿನವರು ‘ಹೈಪರ್’ನ ರಕಾರವನ್ನು ನುಂಗುತ್ತಾರೆ. ವ್ಯತ್ಯಾಸ ತೋರಿಸಬೇಕಾದ ಭಾಗವೇ ಕಿವಿಗೆ ಬೀಳುವುದಿಲ್ಲ. ಪಾಳಿ ಬದಲಾಗುವಾಗ ರೋಗಿಯನ್ನು ಒಪ್ಪಿಸಿಕೊಡುವ ಹೊತ್ತಿನಲ್ಲಿ ಸಕ್ಕರೆ ಕಡಿಮೆ ಇದೆಯೋ ಹೆಚ್ಚಿದೆಯೋ ಬಾಯಿಬಿಟ್ಟು ಹೇಳಿ, ಅಂಕಿಯನ್ನೂ ಹೇಳು. ಆ ಅಂಕಿಯೂ ನಮ್ಮದಲ್ಲ: ಇಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ಅಳೆಯುತ್ತಾರೆ, ಊರಿನಲ್ಲಿ ಡೆಸಿಲೀಟರಿಗೆ 72 ಮಿಲಿಗ್ರಾಂ ಎನ್ನುವುದು ಇಲ್ಲಿ 4. ನಾಲ್ಕಕ್ಕಿಂತ ಕೆಳಗಿಳಿದರೆ ‘ಹೈಪೋ’ ಎಂದೇ ಲೆಕ್ಕ.